ಐದು ಕೆರೆಗಳಿಗೆ ಒಬ್ಬ ನೀರುಗಂಟಿ

"ಗುರುಗಳೇ, ಕಲ್ಲುಕುಂಟೆಯ ದೇವಾಲಯವನ್ನು ಮುಚ್ಚಿಬಿಡಿ ಅಂತ ಧರ್ಮಾಧ್ಯಕ್ಷರಿಗೆ ಬರೆದು ಕಳುಹಿಸಲೇ, ಬೇಡವೇ?"

ಪ್ರಶ್ನೆ ಕೇಳಿದವರು ಫಾದರ್ ಲೂರ್ದುರಾಜ. ವಯಸ್ಸು ಮೂವತ್ತನಾಲ್ಕು. ಕೇಳಿಸಿಕೊಂಡವರು ಫಾದರ್ ಚೌರಪ್ಪ. ವಯಸ್ಸು ಎಂಬತ್ತೆರಡು. ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಲೂರ್ದುರಾಜರಿಗೆ ಪಾಠ ಹೇಳಿದವರು ಇವರೇ. ಈಗ ನಿವೃತ್ತ ಗುರುಗಳ ಮನೆಯ ಜಗುಲಿಯಲ್ಲಿ ಕುಳಿತು, ಬಂದವರನ್ನೆಲ್ಲ ಮೊದಲು "ಊಟ ಆಯಿತಾ?" ಎಂದು ವಿಚಾರಿಸುವುದೇ ಅವರ ಕೆಲಸ. ಅಂದೂ ವಿಚಾರಿಸಿದ್ದರು. ಶಿಷ್ಯರು ಆಯಿತೆಂದು ಸುಳ್ಳು ಹೇಳಿದ್ದರು. ಗುರುಗಳು ನಂಬದೆ ಎದುರಿಗೆ ಎರಡು ಬಾಳೆಹಣ್ಣು ತಂದಿಟ್ಟಿದ್ದರು.

ಸಂಗತಿ ಇಷ್ಟು. ಒಂದು ಕಾಲಕ್ಕೆ ಮೂರು ಊರಿನ ಚರ್ಚುಗಳಿಗೆ ಮೂವರು ಗುರುಗಳಿದ್ದರು. ಈಗ ಮೂರಕ್ಕೂ ಲೂರ್ದುರಾಜ ಒಬ್ಬರೇ. ಭಾನುವಾರ ಒಂದು ಊರಿನ ಬಲಿಪೂಜೆ ಮುಗಿಯುವ ಮೊದಲೇ ಇನ್ನೊಂದು ಊರಿನವರ ಫೋನು ಬರುತ್ತಿತ್ತು. ಮುಂದೆ ಗುರುಗಳ ಸಂಖ್ಯೆ ಇನ್ನೂ ಇಳಿಯುತ್ತದೆ, ಯಾವ ದೇವಾಲಯ ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ಯೋಚಿಸಿ ಬರೆಯಿರಿ ಎಂದು ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಕೇಳಿದ್ದರು. ನಾಳೆಯೇ ಗಡುವು. ಮೂರರಲ್ಲಿ ಚಿಕ್ಕದು ಕಲ್ಲುಕುಂಟೆ, ನಲವತ್ತು ಮನೆಯ ಊರು. ಅಲ್ಲಿ ಹತ್ತೊಂಬತ್ತು ವರ್ಷ ವಿಚಾರಣಾ ಗುರುಗಳಾಗಿ ಚರ್ಚು ನೋಡಿಕೊಂಡವರು ಫಾದರ್ ಚೌರಪ್ಪ. ಆದ್ದರಿಂದಲೇ ಶಿಷ್ಯರು ಬರೆದ ಕಾಗದವನ್ನು ಕಳುಹಿಸಲಾರದೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

"ಊರು ಚಿಕ್ಕದು ಅಂತಲ್ಲ ಗುರುಗಳೇ," ಎಂದರು ಲೂರ್ದುರಾಜ. "ಅವರಿಗೇ ಬೇಕಾಗಿಲ್ಲ. ಹೋದ ಭಾನುವಾರ ನನ್ನ ಬೈಕು ಪಂಕ್ಚರ್ ಆಗಿ ಮೂರು ಗಂಟೆ ತಡವಾಯ್ತು. ಹೋಗಿ ನೋಡಿದರೆ ಊರಿಗೆ ಊರೇ ಬಿಸಿಲಲ್ಲಿ ನಿಂತಿದೆ. ಬೀಗದ ಕೈ ಅವರ ಹತ್ರಾನೇ ಇತ್ತು. ಒಬ್ಬರಾದ್ರೂ ಬಾಗಿಲು ತೆಗೀಲಿಲ್ಲ. ಒಳಗೆ ಕೂತು ಒಂದು ಜಪಸರ ಹೇಳಲಿಲ್ಲ. ಬೈಬಲ್ ಓದಲಿಲ್ಲ. ಇಂಥವರಿಗೆ ದೇವಾಲಯ ಯಾಕೆ ಹೇಳಿ?"

ಅವರ ಮಾತಿನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. ಆ ಜನ ಅವರಿಗೆ ಬೇಕಾದವರು. ಬೇಡದವರಾಗಿದ್ದರೆ ಕಾಗದ ಎಂದೋ ಅಂಚೆಪೆಟ್ಟಿಗೆಗೆ ಬೀಳುತ್ತಿತ್ತು.

ಗುರುಗಳು ಒಂದು ಬಾಳೆಹಣ್ಣು ಸುಲಿದು ಶಿಷ್ಯರ ಕೈಗಿಟ್ಟರು. ಅವರು ತಿನ್ನಲು ಶುರುಮಾಡಿದ್ದನ್ನು ನೋಡಿದ ಮೇಲೆ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಐದು ಕೆರೆಗಳಿದ್ದವು. ಕೆರೆಗೊಬ್ಬ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಹಕ್ಕು ಅವನೊಬ್ಬನದು. ಬೇರೆ ಯಾರೂ ತೂಬು ಮುಟ್ಟುವಂತಿಲ್ಲ. ಅದು ಹಿಂದಿನಿಂದ ಬಂದ ಕಟ್ಟಳೆ. ಒಳ್ಳೆಯ ಕಟ್ಟಳೆಯೇ, ಕಂಡವರೆಲ್ಲ ಎತ್ತುವಂತಿದ್ದರೆ ಕೆರೆಯಲ್ಲಿ ನೀರು ಎಲ್ಲಿ ಉಳಿಯುತ್ತಿತ್ತು? ಆದರೆ ತೂಬಿನಿಂದ ಈಚೆ ಬಂದ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳುವುದು, ಕಾಲುವೆಯ ಹೂಳು ತೆಗೆಯುವುದು, ಬದು ಕಟ್ಟುವುದು, ಇವೆಲ್ಲ ರೈತರ ಕೆಲಸ.

ಐದನೆಯ ಕೆರೆಯ ನೀರುಗಂಟಿ ಬಹಳ ಒಳ್ಳೆಯವನು. ಅವನಿಗೆ ಜನರೆಂದರೆ ಪ್ರಾಣ. ತೂಬು ಎತ್ತಿ ಸುಮ್ಮನೆ ಮನೆಗೆ ಹೋಗುವ ಜಾಯಮಾನ ಅವನದಲ್ಲ. ಯಾವನಾದರೂ ರೈತ ಕಾಲುವೆಯಲ್ಲಿ ನಿಂತು ಅಂಕುಡೊಂಕಾಗಿ ಮಣ್ಣು ಕಡಿಯುತ್ತಿದ್ದರೆ ಇವನಿಗೆ ನೋಡಲಾಗುತ್ತಿರಲಿಲ್ಲ. "ನಿನ್ ಕೈಲಾಗಲ್ಲ ಬಿಡಪ್ಪ. ನೀನು ಮುಟ್ಟಿದ್ರೆ ಕೆಡ್ತದೆ. ಇತ್ತ ಕೊಡು, ನೀನು ಹೋಗಿ ಮುದ್ದೆ ಉಣ್ಣು" ಎಂದು ಗುದ್ದಲಿ ಕಸಿದುಕೊಂಡು ತಾನೇ ನೀರು ಕಟ್ಟುತ್ತಿದ್ದ. ಅವನ ಕೈಯಲ್ಲಿ ಒಂದು ಹನಿಯೂ ಪೋಲಾಗುತ್ತಿರಲಿಲ್ಲ. ಇಂಥ ನೀರುಗಂಟಿ ಸಿಗಲು ಪುಣ್ಯ ಮಾಡಿರಬೇಕು ಎಂದು ಊರು ಕೊಂಡಾಡಿತು. ಅವನೂ ಮನುಷ್ಯನೇ, ಒಳಗೊಳಗೇ ಉಬ್ಬಿದ. ಮೊದಲು ಒಬ್ಬನ ಮನೆಯ ಗುದ್ದಲಿ ಅಟ್ಟ ಸೇರಿತು. ಆಮೇಲೆ ಎಲ್ಲರ ಮನೆಯದೂ ಸೇರಿತು.

ವರ್ಷಗಳು ಕಳೆದವು. ಉಳಿದ ನಾಲ್ವರು ನೀರುಗಂಟಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಐದೂ ಕೆರೆಗಳು ಇವನೊಬ್ಬನ ತಲೆಯ ಮೇಲೆ ಬಿದ್ದವು. ಒಂದರ ತೂಬು ಎತ್ತಿ ಇನ್ನೊಂದಕ್ಕೆ ಓಡಿದ. ಉಣ್ಣುವುದಕ್ಕೂ ಪುರುಸೊತ್ತಿಲ್ಲದೆ ಮೂಳೆ ಚಕ್ಕಳವಾದ. ಆದರೂ ಪೈರು ಒಣಗಿತು. ಎಲ್ಲಕ್ಕಿಂತ ಹೆಚ್ಚು ಒಣಗಿದ್ದು ಅವನ ಸ್ವಂತ ಐದನೆಯ ಕೆರೆಯ ಕೆಳಗೆ.

ಹಿರಿಯರು ಸೇರಿ ಆಲೋಚಿಸಿದರು. ಒಬ್ಬನಿಂದ ಐದು ಕೆರೆ ಆಗದ ಮಾತು, ಐದನೆಯದರ ತೂಬಿಗೆ ಕಲ್ಲು ಜಡಿದುಬಿಡೋಣ ಎಂದರು. ನೀರುಗಂಟಿಯೂ ಹೂಂ ಎಂದ. ಅಂದ ಮೇಲೆ ಕರುಳು ಕೇಳಲಿಲ್ಲ. ಕೊನೆಯ ಸಲ ಒಮ್ಮೆ ನೀರು ಬಿಟ್ಟು ಬರುತ್ತೇನೆ ಎಂದು ಹೋದ.

ತೂಬು ಎತ್ತಿದ. ನೀರಿನ ಜೊತೆಗೇ ಕಾಲುವೆಯ ಗುಂಟ ನಡೆದ. ಒಂದು ಗದ್ದೆಯ ಬಾಯಿಗೆ ಮಣ್ಣಿನ ಹೆಂಟೆಯೊಂದು ಕುಸಿದು ಅಡ್ಡ ಬಿದ್ದಿತ್ತು. ಬಂದ ನೀರೆಲ್ಲ ಹಳ್ಳದ ಪಾಲಾಗುತ್ತಿತ್ತು. ಗದ್ದೆಯ ರೈತ ಬದುವಿನ ಮೇಲೆ ಕುಳಿತು, ಹರಿದುಹೋಗುವ ನೀರನ್ನೂ ಒಣಗಿದ ಪೈರನ್ನೂ ನೋಡುತ್ತ ಅಳುತ್ತಿದ್ದ.

ನೀರುಗಂಟಿಗೆ ಸಿಟ್ಟು ನೆತ್ತಿಗೇರಿತು.

"ಏನಯ್ಯಾ, ಕಣ್ಣೆದುರಿಗೇ ನೀರು ಹೋಗ್ತಾ ಐತೆ! ಆ ಹೆಂಟೆನ ಕಾಲಲ್ಲಿ ಒದ್ದಿದ್ರೂ ಸಾಕಿತ್ತು. ನಿನಗೆ ಪೈರು ಬೇಡ್ವಾ?"

"ಬೇಡ ಅಂತೀನಾ ಅಣ್ಣ?" ಎಂದ ರೈತ. "ಮೂರು ದಿವ್ಸದಿಂದ ಇಲ್ಲೇ ಕೂತು ನಿನ್ನ ದಾರಿ ಕಾಯ್ತಾ ಇವ್ನಿ. ನಾನು ಮುಟ್ಟಿದ್ರೆ ಕೆಡ್ತದೆ ಅಂತ ನೀನೇ ಅಲ್ವಾ ಹೇಳಿದ್ದು?"

ಆ ಮಾತಿನಲ್ಲಿ ದೂರು ಇರಲಿಲ್ಲ. ಅಣ್ಣ ಬಂದನಲ್ಲ ಎಂಬ ಸಂತೋಷವೇ ಇತ್ತು. ನೀರುಗಂಟಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅಭ್ಯಾಸಬಲದಿಂದ ಅವನು ಹೆಂಟೆ ಎತ್ತಲು ಬಗ್ಗಿದ. ಬಗ್ಗಿದವನು ಹಾಗೇ ತಡೆದು ನಿಂತ. ಆಮೇಲೆ ತನ್ನ ಗುದ್ದಲಿಯನ್ನು ರೈತನ ಕೈಗೆ ಕೊಟ್ಟು, ತಾನು ಬದುವಿನ ಮೇಲೆ ಕುಳಿತ. ರೈತ ಕಡಿದದ್ದು ಓರೆಯಾಯಿತು. ಅರ್ಧ ನೀರು ಪಕ್ಕದವನ ಗದ್ದೆಗೆ ನುಗ್ಗಿತು. ಕಟ್ಟಿದ ಬದು ಒಡೆಯಿತು. ನೀರುಗಂಟಿ ಎರಡು ಸಲ ತಡೆಯಲಾರದೆ ಎದ್ದ, ಎರಡು ಸಲವೂ ತುಟಿ ಕಚ್ಚಿಕೊಂಡು ಕುಳಿತ. ಐದು ಕೆರೆಗಳಿಗೆ ಓಡಾಡಿದಾಗಲೂ ಅವನಿಗೆ ಅಷ್ಟು ಆಯಾಸವಾಗಿರಲಿಲ್ಲ. ಬೈಗಿನ ಹೊತ್ತಿಗೆ ಗದ್ದೆಯ ಒಂದು ಮೂಲೆ ನೆನೆಯಿತು. ರೈತ ಮೈಯೆಲ್ಲ ಕೆಸರು ಮಾಡಿಕೊಂಡು ನಗುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಎರಡನೆಯ ಬಾಳೆಹಣ್ಣನ್ನು ಶಿಷ್ಯರ ಕಡೆ ಸರಿಸಿದರು.

ಲೂರ್ದುರಾಜರಿಗೆ ಕತೆ ಹಿಡಿಸಿತು. ಆದರೆ ರೈತನ ಮೇಲಿನ ಅಸಮಾಧಾನ ಹೋಗಲಿಲ್ಲ. ಬಿಸಿಲಲ್ಲಿ ನಿಂತಿದ್ದ ಕಲ್ಲುಕುಂಟೆಯವರ ಮುಖಗಳೇ ಅವರ ಕಣ್ಣ ಮುಂದಿದ್ದವು. ಹಿರಿಯರು, ಹೆಂಗಸರು, ಸೆರಗಿನ ಕೆಳಗೆ ಕೂಸುಗಳು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

"ನೀರುಗಂಟಿ ಎಂದೋ ಒಂದು ಮಾತು ಅಂದಿರಬಹುದು ಗುರುಗಳೇ," ಎಂದರು. "ಅಷ್ಟಕ್ಕೇ ಕೈಕಟ್ಟಿ ಕೂರೋದಾ? ರೈತನಿಗೆ ಸ್ವಂತ ಬುದ್ಧಿ ಬೇಡವಾ?"

ಫಾದರ್ ಚೌರಪ್ಪ ಶಿಷ್ಯರ ಜೇಬಿನಿಂದ ಇಣುಕುತ್ತಿದ್ದ ಕಾಗದದ ಕಡೆ ನೋಡಿದರು.

"ತಪ್ಪುತಪ್ಪಾಗಿ ಜಪ ಹೇಳಬೇಡಿ, ನಾನು ಬರೋವರೆಗೂ ಬಾಗಿಲು ತೆಗೀಬೇಡಿ ಅಂತ ಕಲ್ಲುಕುಂಟೆಯವರಿಗೆ ಹತ್ತೊಂಬತ್ತು ವರ್ಷ ಹೇಳಿದವನು ನಾನು ಮಗನೇ, ಪಾಪ, ಅವರು ಇನ್ನೂ ನನ್ನ ಮಾತು ಮೀರಿಲ್ಲ."