ತೊಟ್ಟಿಲು ತಟ್ಟಿದ ಭರಮ

ಕಣ್ಣು ಅರ್ಧ ಮುಚ್ಚಿಕೊಂಡು ಕೇಳಿ, ಈ ಕತೆಗೆ ಅದೇ ಚೆಂದ. ಒಂದೂರಲ್ಲಿ ಯಮನವ್ವ. ಅವಳಿಗೊಬ್ಬ ಮಗ, ಭರಮ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಮರೆಯುವವನಲ್ಲ, ಪಾಪ! ಮರೆಯುವವನಾಗಿದ್ದರೆ ಅವ್ವ ಸುಖವಾಗಿರುತ್ತಿದ್ದಳು.

ಯಮನವ್ವನ ಹಿರಿಮಗಳು ಕಸ್ತೂರಿ ಹಸುಗೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಸಗಣಿ ಬಾಚುತ್ತಿದ್ದ ಭರಮ ಓಡಿ ಬಂದು, ಅದೇ ಕೈಯಿಂದ ಕೂಸಿನ ಬಾಯಿಗೆ ಬೆಲ್ಲ ಇಟ್ಟ. ಕೂಸಿಗೆ ವಾಂತಿ, ಭೇದಿ. ಬದುಕಿ ಉಳಿದದ್ದೇ ಹೆಚ್ಚು.

"ಈ ಮನಿ ಚೊಕ್ಕ ಆಗೂತನಕ ಕೂಸಿನ್ನ ತರಂಗಿಲ್ಲ!" ಎಂದು ಕಸ್ತೂರಿ ಹೊರಟೇ ಹೋದಳು.

ಅಂದಿನಿಂದ ಯಮನವ್ವನಿಗೆ ಒಂದೇ ಕನಸು. ಮಡಿಲಲ್ಲಿ ಕೂಸು ಮಲಗಿದೆ, ಹಾಲಿನ ವಾಸನೆ ಬರುತ್ತಿದೆ. ಎಚ್ಚರಾದರೆ ಮಡಿಲು ಖಾಲಿ.

"ಹೊಲಸಾದ್ರ ಸೋಪು ಹಚ್ಚಿ ತೊಳೀಬಾರದೇನೋ ಭರಮಾ!"

"ಹೂಂ ಅವ್ವಾ, ತೊಳೀತೀನಿ!"

ಸಂತೆಯಿಂದ ಬೆಲ್ಲ ತರುವಾಗ ಅದಕ್ಕೆ ಧೂಳು ಹತ್ತಿತು. ಹಳ್ಳದಲ್ಲಿ ಕೂತ, ಸೋಪು ಹಚ್ಚಿದ, ತೊಳೆದ, ತೊಳೆದ. ಬೆಲ್ಲ ಕರಗಿತು. ನೊರೆಯ ಗುಳ್ಳೆಗಳು ತೇಲಿ ಹೋಗುವುದನ್ನು ನೋಡುತ್ತ ಕೂತವನಿಗೆ ಸಂಜೆಯಾದದ್ದೇ ತಿಳಿಯಲಿಲ್ಲ.

"ಬೆಲ್ಲ ತೊಳೀತಾರೇನೋ ಹುಚ್ಚಾ! ನೊಣ, ಧೂಳು ತಾಗದಂಗ ಗಟ್ಟಿಯಾಗಿ ಮುಚ್ಚಿಡಬೇಕು!"

"ಹೂಂ ಅವ್ವಾ, ಮುಚ್ಚಿಡ್ತೀನಿ!"

ಕೋಳಿ ಮರಿ ಮಾಡಿತು. ಮರಿಗಳ ಮೇಲೆ ನೊಣ ಕೂತವು. ಭರಮ ಹಂಡೆ ಬೋರಲು ಹಾಕಿದ, ಸುತ್ತಲೂ ಅರಿವೆ ತುರುಕಿದ, ಮೇಲೊಂದು ಕಲ್ಲು ಹೇರಿದ. ಅವ್ವ ನೋಡದಿದ್ದರೆ ಮರಿಗಳ ಕತೆ ಮುಗಿಯುತ್ತಿತ್ತು.

"ಜೀವ ಇರೂದಕ್ಕ ಗಾಳಿ ಬ್ಯಾಡೇನೋ? ಮ್ಯಾಲಿಂದು ತಗದು ಬಿಡಬೇಕು!"

"ಹೂಂ ಅವ್ವಾ, ತಗೀತೀನಿ!"

ಯಮನವ್ವ ಪಟ್ಟು ಬಿಡಲಿಲ್ಲ. ಗೋಡೆಗೆ ಸುಣ್ಣ ಬಳಿದಳು, ನೀರು ಕಾಸಿ ಆರಿಸಿಟ್ಟಳು, ಹಿತ್ತಲಲ್ಲಿ ತಗಡು ಹೊದಿಸಿದ ಕಕ್ಕಸು ಕಟ್ಟಿಸಿದಳು. ಸುದ್ದಿ ಕೇಳಿ ಕಸ್ತೂರಿ ಬಂದಳು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡಳು.

ಭರಮ ಅದನ್ನು ನೋಡಿದ. ಒಳಗೆ ಜೀವ! ಮೇಲೆ ತಗಡು! ಏಣಿ ಹತ್ತಿ ತಗಡನ್ನು ಎತ್ತಿಯೇ ಬಿಟ್ಟ. ಕಸ್ತೂರಿ ತಲೆ ಎತ್ತಿದರೆ ಮೋಡ ತೇಲುವ ಆಕಾಶ, ನಡುವೆ ತಮ್ಮನ ಮುಖ.

"ಅಕ್ಕಾ, ಗಾಳಿ ಬಂತಾ?"

ಕಸ್ತೂರಿ ಊರಿಗೆಲ್ಲ ಕೇಳುವಂತೆ ಕಿರುಚಿದಳು. ಹೊರಗೆ ಬಂದವಳೇ ಗಂಟು ಕಟ್ಟತೊಡಗಿದಳು. ಯಮನವ್ವ ಅತ್ತೇಬಿಟ್ಟಳು.

"ಒಳಗ ಯಾರರ ಇದ್ರ ತಟ್ಟಿ ಕೇಳಬೇಕೋ, ನನ್ನ ಹೊಟ್ಟಿ ಉರಿಸಾಂವನ!"

"ಹೂಂ ಅವ್ವಾ, ತಟ್ಟತೀನಿ!"

ಗಂಟು ಹಿಡಿದು ಕೂಸನ್ನು ಎತ್ತಿಕೊಳ್ಳಲು ಬಂದ ಕಸ್ತೂರಿ ಬಾಗಿಲಲ್ಲೇ ನಿಂತಳು. ತೊಟ್ಟಿಲ ಹತ್ತಿರ ಹೊರಟಿದ್ದ ಭರಮ ನಡುವೆಯೇ ನಿಂತು ತನ್ನ ಕೈ ನೋಡಿಕೊಂಡ. ತಗಡಿನ ತುಕ್ಕು ಹತ್ತಿತ್ತು. ಬಚ್ಚಲಿಗೆ ಹೋದ, ಸೋಪು ಹಚ್ಚಿದ, ಉಗುರು, ಬೆರಳ ಸಂದಿ, ಮೊಣಕೈವರೆಗೂ ತೊಳೆದ. ಆಮೇಲೆ ಬಂದು ತೊಟ್ಟಿಲ ಕಟ್ಟಿಗೆಯನ್ನು ಮೆಲ್ಲಗೆ ತಟ್ಟಿದ.

"ಒಳಗ ಯಾರಿದೀರಿ?"

ಕೂಸು ನಿದ್ದೆಯಲ್ಲೇ ನಕ್ಕಿತು. ಕಸ್ತೂರಿಗೆ ನಗುವೂ ಬಂತು, ಅಳುವೂ ಬಂತು. ಗಂಟು ಕೆಳಗಿಟ್ಟು, ಕೂಸನ್ನು ಎತ್ತಿ ಅವ್ವನ ಮಡಿಲಿಗೆ ಹಾಕಿದಳು. ಯಮನವ್ವನಿಗೆ ಹಾಲಿನ ವಾಸನೆ ಬಂತು. ಎಚ್ಚರವಾಗಿಯೇ ಇದ್ದಳು.

ಭರಮ ಮಾತ್ರ ಉತ್ತರ ಬರಲಿಲ್ಲವೆಂದು ಖಾಲಿ ತೊಟ್ಟಿಲನ್ನು ಇನ್ನೂ ತಟ್ಟುತ್ತಲೇ ಇದ್ದ.

"ಒಳಗ ಯಾರಿದೀರೀ?"