ಮೌಲಾಬಿಯ ಸ್ಪೀಕರು

ಕೂಗಿ ಕೂಗಿ ಮೌಲಾಬಿಯ ಗಂಟಲು ಸವೆದಿತ್ತು. ಅವಳ ತರಕಾರಿ ಗಾಡಿಯ ಸ್ಪೀಕರನ್ನು ವಾರ್ಡಿನ ಸದಸ್ಯ ಈರಬಸಪ್ಪ ಭಾಷಣಕ್ಕೆ ಒಯ್ದು ಒಯ್ದು, ಬ್ಯಾಟರಿಯನ್ನೇ ಕೊಂದಿದ್ದ. ಈಗ ಹೊಸ ಬ್ಯಾಟರಿ ತಂದು ಮುಂದೆ ಎಸೆದ.

"ನಾಳೆ ಸಭೆ ಐತಿ, ಹಾಕಿಸಿ ಕೊಡು. ಇನ್ನ ಮ್ಯಾಲ ಇದು ನನ್ನ ಹತ್ರಾನ ಇರ್ತೈತಿ."

ವಾದಿಸಲು ಮೌಲಾಬಿಗೆ ದನಿಯೆಲ್ಲಿತ್ತು? ಬ್ಯಾಟರಿ ಹಾಕಿಸಿದಳು. ಪ್ರತಿ ಸಲ ಕೊಡುವ ಮುಂಚೆ ಅಳಿಸುತ್ತಿದ್ದ ತನ್ನ ಕೂಗಿನ ರೆಕಾರ್ಡನ್ನು ಈ ಸಲ ಮಾತ್ರ ಸ್ಪೀಕರಿನೊಳಗೇ ಬಿಟ್ಟಳು.

ಸಭೆಯಲ್ಲಿ ಈರಬಸಪ್ಪ ಗಂಭೀರವಾಗಿ ಸ್ವಿಚ್ ಒತ್ತಿದ. "ಹುಳುಕ ಬದನೀಕಾಯಿ ಅಲ್ಲವ್ವಾ, ಮುಟ್ಟಿ ನೋಡ್ರಿ," ಎಂದಿತು ಸ್ಪೀಕರು. ಜನ ಬಿದ್ದು ಬಿದ್ದು ನಕ್ಕರು.

ಕೆರಳಿ ಬಂದವನಿಗೆ ಮೌಲಾಬಿ ಮೆಲ್ಲಗೆ ಹೇಳಿದಳು: "ಅದಕ್ಕ ನನ್ನ ದನಿ ರೂಢಿ ಆಗೇತ್ರಿ, ಸಾಹೇಬ್ರ. ನಿಮ್ಮದು ರೂಢಿ ಆಗಬೇಕಂದ್ರ ನಾಕು ದಿನ ನನ್ನ ಗಾಡಿ ಹಿಂದ ಕೂಗ್ಕೊಂತ ಬರ್ರಿ."

ಸ್ಪೀಕರನ್ನು ಗಾಡಿಯ ಮೇಲೆ ಕುಕ್ಕಿ ಅವನು ಹೋದ. ಮೌಲಾಬಿ ಸ್ವಿಚ್ ಒತ್ತಿ, ಬಾಯಿ ಮುಚ್ಚಿಕೊಂಡು ಗಾಡಿ ತಳ್ಳಿದಳು.