ಕಾರೆಮ್ಮನ ಗುಡ್ಡ

ಸಾಸಿವೆಕಟ್ಟೆಯ ಬಡಗಣ ದಿಕ್ಕಿನಲ್ಲಿ ಬೇವು, ಆಲ, ಕಮರ ಒತ್ತಾಗಿ ಬೆಳೆದು, ನಡುಹಗಲಲ್ಲೂ ತಂಪಾಗಿ ನಿಂತಿರುವುದೇ ಕಾರೆಮ್ಮನ ಗುಡ್ಡ. ಭಾನುವಾರ ಪೇಟೆಯಿಂದ ಬಂದವರು ನೆರಳಲ್ಲಿ ಚಿತ್ರಾನ್ನ ತಿಂದು, ಎಲೆ ಅಲ್ಲೇ ಎಸೆದು, ದೇವಿಯ ಗುಡಿ ಎಲ್ಲಿ ಎಂದು ಕೇಳುತ್ತಾರೆ. ಗುಡಿಯಿಲ್ಲ. ಅವಳು ದೇವಿಯೂ ಅಲ್ಲ, ಕುರಿ ಕಾಯುತ್ತಿದ್ದ ಹೆಂಗಸು. ಇದನ್ನು ಸರಿಯಾಗಿ ಹೇಳಬಲ್ಲವನು ಸುತ್ತ ಹದಿನೆಂಟು ಹಳ್ಳಿಯಲ್ಲಿ ನಾನೊಬ್ಬನೇ. ಓದಿದವರ ಪುಸ್ತಕದಲ್ಲಿ ಇದು ಸಿಗುವುದಿಲ್ಲ, ಸಿಕ್ಕರೂ ತಪ್ಪೇ ಇರುತ್ತದೆ.

ಹಿಂದೆ ಒಮ್ಮೆ ಈ ಗುಡ್ಡ ಬೋಳಾಗಿತ್ತು ಎನ್ನುತ್ತಾರೆ. ಊರಿನ ಹೊನ್ನೇಗೌಡನ ಅಪ್ಪ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಮರವನ್ನೆಲ್ಲ ಕಡಿಸಿದ್ದ. ಆಮೇಲಿನ ಬಿಸಿಲಿಗೆ ಬಂಡೆಯ ಮೇಲೆ ಕೂತ ಕಾಗೆ ಕೂತಲ್ಲೇ ಬೆಂದು ಬೀಳುತ್ತಿತ್ತು. ಬರಿಯ ನೆಲದಲ್ಲಿ ಮೊದಲು ಹುಲ್ಲು ಬಂತು, ಹುಲ್ಲಿನ ನಡುವೆ ಕಾರೆಮುಳ್ಳಿನ ಪೊದೆಗಳೆದ್ದವು. ಹೊನ್ನೇಗೌಡನಿಗೆ ಅಪ್ಪನ ಕೆಟ್ಟ ಹೆಸರು ತೊಳೆಯುವ ಹಟ. ಮುಳ್ಳು ಕೀಳಿಸಿ, ಸುಡಿಸಿ, ಆ ಜಾಗದಲ್ಲಿ ನೂರು ಬೇವಿನ ಸಸಿ ನೆಡಿಸಿದ. ಬೇಸಿಗೆಗೆ ನೂರೂ ಒಣಗಿದವು. ಮರುವರ್ಷ ಇನ್ನಷ್ಟು ಮುಳ್ಳು ಕೀಳಿಸಿ ನೆಡಿಸಿದ, ಅವೂ ಹೋದವು. ಮೂರನೆಯ ವರ್ಷ ಅವನ ಸಿಟ್ಟು ಗುಡ್ಡದ ಬುಡದ ಕುರುಬರ ಹಟ್ಟಿಯ ಮೇಲೆ ತಿರುಗಿತು. ಕುರಿ ಮೇಯ್ದೇ ಸಸಿ ಸತ್ತವು, ಹನ್ನೆರಡು ಮನೆಯೂ ಜಾಗ ಬಿಡಬೇಕು ಎಂದು ಸಾರಿಸಿದ.

ಗುಡ್ಡದ ಹಿಂಬದಿಯಲ್ಲಿ ಒಂದೇ ಒಂದು ಕಾರೆ ಮೆಳೆ ಉಳಿದಿತ್ತು. ಅದನ್ನು ಎಳೆಸಲು ಗೌಡ ಎಂಟು ಎತ್ತು ಹೂಡಿಸಿಕೊಂಡು ಹೋದಾಗ, ಹಟ್ಟಿಯ ಚಿಕ್ಕೀರಮ್ಮ ಬಂದು ಪೊದೆಯನ್ನು ತಬ್ಬಿ ನಿಂತಳು.

"ಏಯ್ ಚಿಕ್ಕೀರಿ, ಮುಳ್ಳನ್ನೇ ಮದ್ವೆ ಆಗ್ತೀಯೇನೇ?" ಎಂದು ಗೌಡ ನಕ್ಕ.

"ಬಗ್ಗಿ ನೋಡ್ರಿ ಗೌಡ್ರೆ, ಒಳಗೆ ಬೇವು ಐತೆ. ಹಕ್ಕಿ ಉದುರಿಸಿದ್ದು. ಕುರಿ ಬಾಯಿ ಹಾಕಕ್ಕಾಗಲ್ಲ, ಬಿಸಿಲು ತಾಗಲ್ಲ. ತಾಯೀನ ಕಿತ್ತು ಬೆಂಕಿಗೆ ಹಾಕಿ, ಕೂಸು ಯಾಕೆ ಸತ್ತೋಯ್ತು ಅಂತ ನಮ್ಮನ್ನ ಕೇಳ್ತೀರಲ್ಲ!"

"ಹೊಡಿಯೋ ಎತ್ತ!" ಎಂದ ಗೌಡ.

ಹೊಡೆದವನು ನನ್ನ ಮುತ್ತಜ್ಜನ ಅಜ್ಜ, ಒಂದೇ ಕೈಯಲ್ಲಿ ಗೂಳಿಯ ಕೊಂಬು ಮುರಿದ ಗಂಡಸು. ಅದನ್ನು ನಾನು ಮುಚ್ಚಿಡುವುದಿಲ್ಲ. ಎಂಟೂ ಎತ್ತು ಮೊಣಕಾಲೂರಿದವು, ನೊಗ ಸೀಳಿತು, ಪೊದೆ ಗೇಣೂ ಜರುಗಲಿಲ್ಲ. ಮುಳ್ಳು ಚುಚ್ಚಿ ಚಿಕ್ಕೀರಮ್ಮನ ರಕ್ತ ಬುಡಕ್ಕೆ ಇಳಿದು, ಒಳಗಿನ ಸಸಿ ನೋಡುನೋಡುತ್ತಲೇ ಮೊಳದುದ್ದ ಎದ್ದಿತು ಎನ್ನುತ್ತಾರೆ. ಗೌಡ ಬಗ್ಗಿ ನೋಡಿದ. ತನ್ನ ತಪ್ಪು ಕಣ್ಣಿಗೆ ಕಂಡಿತು. ಆದರೂ 'ಇರಿ' ಎಂಬ ಎರಡಕ್ಷರ ಅವನ ಬಾಯಿಂದ ಹೊರಡಲಿಲ್ಲ. ನನ್ನ ಹಿರಿಯನೂ ಎತ್ತು ಬಿಚ್ಚಿಕೊಂಡು ಮನೆ ದಾರಿ ಹಿಡಿದ. ಚಿಕ್ಕೀರಮ್ಮನೂ ಸೇರಿ ಹನ್ನೆರಡು ಮನೆಯವರು ಕುರಿ ಹೊಡೆದುಕೊಂಡು ಹೋದರು. ಮುಳ್ಳನ್ನು ಮಾತ್ರ ಮತ್ತೆ ಯಾರೂ ಮುಟ್ಟಲಿಲ್ಲ. ಪೊದೆ ಹಬ್ಬಿತು, ಪೊದೆಗೊಂದು ಬೇವು ಎದ್ದಿತು, ಬೇವಿನ ಕವಲಲ್ಲಿ ಆಲ ಕೂತಿತು, ಆಲದ ಹಣ್ಣಿಗೆ ನೂರು ಬಗೆಯ ಹಕ್ಕಿ ಬಂದವು. ನೆರಳು ಕವಿದಲ್ಲೆಲ್ಲ, ಮರವನ್ನು ಸಾಕಿದ ಕಾರೆಯೇ ಬಿಸಿಲು ಕಾಣದೆ ಒಣಗಿತು. ಅದನ್ನು ಕಂಡು ಊರವರು ನಾಚಿ, ಚಿಕ್ಕೀರಮ್ಮನನ್ನೇ ಕಾರೆಮ್ಮ ಎಂದು ಕರೆದು ಗುಡ್ಡಕ್ಕೆ ಆ ಹೆಸರಿಟ್ಟರಂತೆ. ಹೆಸರಿಡಲು ಯಾರ ಬಾಯಿ ನೋಯುತ್ತದೆ? ಹೋದವರನ್ನು ಕರೆದು ತರಲು ಒಬ್ಬನೂ ಹೋಗಲಿಲ್ಲ.

ಬೇಸಿಗೆಯಲ್ಲಿ ಬಂದವರು ಈಗಲೂ ನೋಡಬಹುದು. ವಲಸೆ ಹೋಗುವ ಆ ಹಟ್ಟಿಯ ವಂಶದವರು ಗುಡ್ಡದ ಪಕ್ಕದಲ್ಲೇ ಹಾಯುತ್ತಾರೆ; ನೆತ್ತಿ ಸುಡುತ್ತಿದ್ದರೂ ಮರದಡಿಗೆ ಒಂದು ಕುರಿಯನ್ನೂ ಬಿಡುವುದಿಲ್ಲ. ಹೋದ ವರ್ಷ ನಾನೇ ಅಡ್ಡ ನಿಂತು, "ಬನ್ರಪ್ಪಾ, ನೆರಳಿಗೆ" ಎಂದು ಕೂಗಿದೆ. ಹಿರಿಯನೊಬ್ಬ ತಿರುಗಿಯೂ ನೋಡದೆ ಅಂದ:

"ನಿಮ್ಮ ನೆರಳು, ನೀವೇ ಕೂತ್ಕಳ್ರಿ."